ಭಾವನ ಲಿನಕ್ಸು, ಒಳಕೋಣೆಯ ವಿಂಡೋಸು

ವಿಂಡೋಸ್ ಬಿಟ್ಟೆ ಅಂತ ಎದೆ ತಟ್ಟಿ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ಅವರ ಕಂಪ್ಯೂಟರಿನಲ್ಲಿ ಲಿನಕ್ಸ್ ಇರುತ್ತದೆ, ಅದು ಸುಳ್ಳಲ್ಲ. ಅದರ ಗುಣಗಾನವನ್ನೂ ಕಾಫಿ ಆರುವ ತನಕ ಮಾಡುತ್ತಾರೆ. ನೀವು ಮಾತ್ರ ಏಳಬೇಡಿ, ಪೇಪರ್ ಓದುತ್ತಿರುವ ಹಾಗೆ ಪಕ್ಕದಲ್ಲೇ ಕೂತಿರಿ. ನಿಮ್ಮ ಗಮನ ಬೇರೆ ಕಡೆ ಹೋಯಿತು ಅಂತ ಗೊತ್ತಾದ ಕೂಡಲೇ ಅವರು ಮೆಲ್ಲಗೆ ಒಂದು ಕಿಟಕಿ ತೆರೆಯುತ್ತಾರೆ. ಅದರೊಳಗೆ ಹಸಿರು ಗುಡ್ಡ, ನೀಲಿ ಆಕಾಶ, ಎಡಗಡೆ ಕೆಳಮೂಲೆಯಲ್ಲಿ ಹಸಿರು ‘ಸ್ಟಾರ್ಟ್’ ಗುಂಡಿ. ಸಾಕ್ಷಾತ್ ವಿಂಡೋಸ್ ಎಕ್ಸ್‌ಪಿ!

ಮೈಸೂರಿನ ನಮ್ಮ ಭಾವ ಈ ಪೈಕಿ. ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿ ನಿವೃತ್ತರಾದವರು. ಈಗಲೂ ಮನೆಯಲ್ಲೇ ಕೂತು ಗುರುತಿನವರಿಗೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ ಎಲ್ಲ ಮಾಡಿಕೊಡುತ್ತಾರೆ. ಮಗಳು ರಜಕ್ಕೆ ಬಂದಾಗ ಹೊಸ ಕಂಪ್ಯೂಟರ್ ಕೊಡಿಸಿ, ಅದಕ್ಕೆ ಉಬುಂಟು ಹಾಕಿ ಹೋದಳು. ಅಲ್ಲಿಂದ ಭಾವ ಲಿನಕ್ಸಿನ ಪರಮಭಕ್ತರು.

“ವೈರಸ್ ಕಾಟ ಇಲ್ಲ, ಕಾಸಿನ ಖರ್ಚಿಲ್ಲ. ಕೆಲಸದ ಮಧ್ಯೆ ‘ಅಪ್‌ಡೇಟ್ ಆಗ್ತಾ ಇದೆ, ಕಾಯಿರಿ’ ಅಂತ ಕೂರಿಸೋದಿಲ್ಲ. ನೀವೆಲ್ಲ ಇನ್ನೂ ಆ ವಿಂಡೋಸಿಗೆ ಜೋತು ಬಿದ್ದಿದ್ದೀರಲ್ಲಯ್ಯ.”

“ಹಾಗಾದರೆ ಆ ಕಿಟಕಿಯೊಳಗೆ ಇರೋದು ಏನು ಭಾವ?”

“ಯಾವುದು? ಓ, ಅದಾ. ಅದು ಗೆಸ್ಟು. ನಮ್ಮ ಉಬುಂಟು ಹೋಸ್ಟು, ಅದು ಗೆಸ್ಟು. ನಿನ್ನ ಹಾಗೇ. ಎರಡು ದಿನಕ್ಕೆ ಅಂತ ಬಂತು, ಇಲ್ಲೇ ಇದೆ.”

ಒಂದು ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ ಅನ್ನುವ ಗಾದೆ ಕಟ್ಟಿದವರು ಭಾವನ ಆ ಕಿಟಕಿ ತೆರೆಯುವ ವರ್ಚುಯಲ್‌ಬಾಕ್ಸ್ ಅನ್ನುವ ತಂತ್ರಾಂಶ ನೋಡಿರಲಿಲ್ಲ. ಮೊದಲಾದರೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಬೇಕೆಂದರೆ ಡಿಸ್ಕನ್ನು ಎರಡು ಪಾಲು ಮಾಡಬೇಕಿತ್ತು. ಯಂತ್ರ ಆನ್ ಮಾಡುವಾಗಲೇ ಇದೋ ಅದೋ ಅಂತ ಆರಿಸಬೇಕಿತ್ತು. ಇದು ಬೇಕಾದರೆ ಅದು ಮಲಗಬೇಕು. ಈಗ ಹಾಗಲ್ಲ. ಒಂದರ ಹೊಟ್ಟೆಯೊಳಗೆ ಇನ್ನೊಂದು ಎದ್ದು ಕೂತು ಓಡಾಡುತ್ತದೆ, ಇಬ್ಬರೂ ಒಟ್ಟಿಗೇ ಎಚ್ಚರ.

ಇದು ಹೇಗೆ ಸಾಧ್ಯ ಅಂದರೆ, ಶುದ್ಧ ಸುಳ್ಳಿನಿಂದ. ಆಪರೇಟಿಂಗ್ ಸಿಸ್ಟಂ ಅನ್ನುವ ಪ್ರಾಣಿಯ ಹುಟ್ಟುಗುಣವೇ ದರ್ಪ. ಮೆಮೊರಿ ಪೂರಾ ನನ್ನದು, ಡಿಸ್ಕ್ ನನ್ನದು, ಕೀಲಿಮಣೆ ನನ್ನದು, ಗಡಿಯಾರವೂ ನನ್ನದು ಅಂದುಕೊಂಡೇ ಅದು ಕಣ್ಣು ಬಿಡುತ್ತದೆ. ಇನ್ನೊಬ್ಬರ ಕೈಕೆಳಗೆ ಇದ್ದು ಅಭ್ಯಾಸವಿಲ್ಲ. ಹಾಗಾಗಿ ಅದಕ್ಕೆ ಸತ್ಯ ಹೇಳುವ ಹಾಗೇ ಇಲ್ಲ. ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು. ಭಾವನ ಎಕ್ಸ್‌ಪಿ ಎದ್ದ ಕೂಡಲೇ “ಮೆಮೊರಿ ಎಷ್ಟಿದೆ?” ಅಂತ ಕೇಳುತ್ತದೆ. ಯಂತ್ರದಲ್ಲಿರುವುದು 16 ಜಿಬಿ. ವರ್ಚುಯಲ್‌ಬಾಕ್ಸ್ ತಣ್ಣಗೆ “ಒಂದು ಜಿಬಿ ಸ್ವಾಮಿ” ಅನ್ನುತ್ತದೆ. 2001ರ ಪ್ರಾಣಿಗೆ ಅದೇ ಕುಬೇರನ ಐಶ್ವರ್ಯ. “ಡಿಸ್ಕು?” ಅಂದರೆ 20 ಜಿಬಿ ಡಿಸ್ಕು ತೋರಿಸುತ್ತದೆ. ಅದು ಡಿಸ್ಕೇ ಅಲ್ಲ, ಉಬುಂಟುವಿನ ಒಂದು ಫೋಲ್ಡರಿನಲ್ಲಿ ಬಿದ್ದಿರುವ ಒಂದೇ ಒಂದು ಫೈಲು. ಎಕ್ಸ್‌ಪಿಯ ಸಿ ಡ್ರೈವು, ಡಿ ಡ್ರೈವು, ಮೈ ಡಾಕ್ಯುಮೆಂಟ್ಸು, ರೀಸೈಕಲ್ ಬಿನ್ನು ಎಲ್ಲ ಆ ಒಂದು ಫೈಲಿನ ಹೊಟ್ಟೆಯಲ್ಲಿ. ಬೇಕಾದರೆ ಪೆನ್‌ಡ್ರೈವಿಗೆ ಹಾಕಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ಸುಳ್ಳಿನ ಸೊಗಸು ಇರುವುದು ಅದರ ವಿವರದಲ್ಲಿ. ಹೊಸ ಯಂತ್ರದ ಸಾಟಾ ಡಿಸ್ಕನ್ನು ಹಾಗೇ ತೋರಿಸಿದರೆ ಎಕ್ಸ್‌ಪಿಗೆ ಗುರುತೇ ಹತ್ತುವುದಿಲ್ಲ, ನೀಲಿ ಪರದೆ ಹೊದ್ದು ಮಲಗುತ್ತದೆ. ಅದಕ್ಕೇ ಅದರ ಕಾಲದ ಐಡಿಇ ಡಿಸ್ಕಿನ ವೇಷ ಹಾಕಿಸಬೇಕು. ನೆಟ್‌ವರ್ಕ್ ಕಾರ್ಡು ಕೂಡ ಎಎಂಡಿಯವರ ಓಬೀರಾಯನ ಕಾಲದ್ದು, ಯಾಕೆಂದರೆ ಆ ಕಾರ್ಡಿನ ಡ್ರೈವರು ಎಕ್ಸ್‌ಪಿಯ ಸಿಡಿಯಲ್ಲೇ ಇದೆ. ಕ್ಯೂಇಎಂಯು ಅಂತ ಇದೇ ಕಸುಬಿನ ಇನ್ನೊಂದು ತಂತ್ರಾಂಶವಿದೆ, ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದದ್ದು. ಅದು ತಾನು ನಟಿಸುವ ಯಂತ್ರದ ಹೆಸರಿನ ಮುಂದೆ ‘1996’ ಅಂತ ಇಸವಿಯನ್ನೇ ಬರೆದುಕೊಂಡಿದೆ. ಪೆಟ್ಟಿಗೆ ಈ ವರ್ಷದ್ದು, ಒಳಗೆ ಆಡುತ್ತಿರುವ ನಾಟಕ 1996ರದ್ದು.

“ಇಷ್ಟೆಲ್ಲ ವೇಷ ಯಾಕೆ ಭಾವ? ವಿಂಡೋಸ್ ಬಿಟ್ಟಿರಲ್ಲ, ಬಿಟ್ಟುಬಿಡಿ.”

“ಬಿಡೋಕೆ ಇದು ಬಿಡ್ಬೇಕಲ್ಲಯ್ಯ” ಅಂತ ಭಾವ ಪೇಜ್‌ಮೇಕರ್ ತೆರೆದು ತೋರಿಸಿದರು.

ಇದಕ್ಕೆ ಮಾತ್ರ ನಾನು ತಮಾಷೆ ಮಾಡಲಾರೆ. ಕನ್ನಡ ನಾಡಿನ ಪ್ರೆಸ್ಸುಗಳಲ್ಲಿ ಒಂದು ತಲೆಮಾರಿನ ಕೆಲಸವೆಲ್ಲ ನಡೆದದ್ದು ಪೇಜ್‌ಮೇಕರಿನಲ್ಲಿ. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದದ್ದು, 1994ರಲ್ಲಿ ಅಡೋಬಿಯವರ ಕೈಗೆ ಹೋಯಿತು, 2001ರಲ್ಲಿ ಏಳನೆಯ ಆವೃತ್ತಿ ಬಂತು, ಅಲ್ಲಿಗೆ ಮುಗಿಯಿತು. ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಮನೆ ಕೊಡುವ ಯೂನಿಕೋಡ್ ಅದಕ್ಕೆ ಕೊನೆಯವರೆಗೂ ಬರಲೇ ಇಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಭೂತಭಾಷೆ. ನುಡಿಯಲ್ಲಿ ‘ಕನ್ನಡ’ ಅಂತ ಹೊಡೆದಿಟ್ಟದ್ದನ್ನು ಭಾವ ಉಬುಂಟುವಿನಲ್ಲಿ ತೆರೆದರು. ಮೊದಲು ಒಂದು ಪಿ, ಆಮೇಲೆ ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು, ಆದರೆ ಪ್ರೆಸ್ಸಿನ ಬೀದಿಗೆ ಅದು ಬರುವಷ್ಟರಲ್ಲಿ ಸಾವಿರಾರು ಲಗ್ನಪತ್ರಿಕೆಗಳೂ ಪುಸ್ತಕಗಳೂ ಪೌಂಡಿನ ಲೆಕ್ಕದಲ್ಲಿ ಬರೆದಾಗಿತ್ತು. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ಇಲ್ಲವೆಂದಲ್ಲ. ಅವು ಅಕ್ಷರವನ್ನು ತಂದುಕೊಡುತ್ತವೆ, ಭಾವ ಕೂರಿಸಿದ ಬಾರ್ಡರು, ಗಣಪತಿ, ಎರಡು ಬದಿಯ ಬಾಳೆಕಂದು ಎಲ್ಲಿಂದ ತರಬೇಕು?

ಅಕ್ಕ ಅಡುಗೆಮನೆಯಿಂದ ಕೂಗಿದಳು: “ಅದಕ್ಕೆ ಹಳೇ ಕಂಪ್ಯೂಟರನ್ನೇ ಇಟ್ಟುಕೊಂಡಿದ್ದರೆ ಆಗಿತ್ತಲ್ರೀ. ಗುಜರಿಯವನಿಗೆ ಯಾಕೆ ಹಾಕಿದ್ರಿ?”

“ಅದು ಸತ್ತು ಹೋಗಿತ್ತು ಕಣೇ. ಇದು ಅದರ ಆತ್ಮ.”

ಈ ಪರಕಾಯ ಪ್ರವೇಶ ಹೊಸ ವಿದ್ಯೆ ಅಂದುಕೊಳ್ಳಬೇಡಿ. ಐಬಿಎಂನವರು ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನಲ್ಲಿ 1967ರಲ್ಲೇ ಸಿಪಿ-40 ಅಂತ ಒಂದನ್ನು ನಡೆಸುತ್ತಿದ್ದರು. ಇದ್ದದ್ದು ಒಂದೇ ದೊಡ್ಡ ಯಂತ್ರ. 14 ಜನರ ತನಕ ಅದರ ಮುಂದೆ ಕೂತು, ಪ್ರತಿಯೊಬ್ಬರೂ ಇಡೀ ಯಂತ್ರ ತಮ್ಮದೇ ಅಂತ ತಿಳಿದು ಕೆಲಸ ಮಾಡಬಹುದಿತ್ತು. 1972ರಲ್ಲಿ ಅದರ ವಂಶದ ವಿಎಂ/370 ಮಾರುಕಟ್ಟೆಗೂ ಬಂತು. ದೊಡ್ಡ ಯಂತ್ರಗಳಿಗೆ ಅಷ್ಟು ಬೇಗ ಒಲಿದ ವಿದ್ಯೆ ಮನೆಯ ಕಂಪ್ಯೂಟರಿಗೆ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಕಾರಣ ಇಂಟೆಲ್ ಪ್ರೊಸೆಸರಿನ ಒಂದು ದುರ್ಗುಣ. ಒಳಗಿರುವ ಅತಿಥಿ ಅಧಿಕಾರ ಮೀರಿ ಏನಾದರೂ ಅಪ್ಪಣೆ ಕೊಟ್ಟರೆ ಪ್ರೊಸೆಸರು ಗಲಾಟೆ ಮಾಡಬೇಕು. ಗಲಾಟೆ ಕೇಳಿ ಮಧ್ಯಸ್ಥಿಕೆಯ ತಂತ್ರಾಂಶ, ಹೈಪರ್‌ವೈಸರ್ ಅನ್ನುತ್ತಾರಲ್ಲ, ಅದು ಓಡಿ ಬಂದು ಅತಿಥಿಯ ಕಿವಿಗೆ ಒಪ್ಪುವಂಥ ಸುಳ್ಳು ಹೇಳಿ ಸಮಾಧಾನ ಮಾಡುತ್ತದೆ. ಈ ನಿಯಮವನ್ನು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಅನ್ನುವ ಇಬ್ಬರು 1974ರಲ್ಲೇ ಕಾಗದದ ಮೇಲೆ ಬರೆದಿಟ್ಟಿದ್ದರು. ಆದರೆ ಮನೆಯ ಪೆಂಟಿಯಮ್ಮಿನಲ್ಲಿ ಗಲಾಟೆಯನ್ನೇ ಮಾಡದ ಅಪ್ಪಣೆಗಳು 17 ಇದ್ದವು. ಉದಾಹರಣೆಗೆ ‘ನಾನು ಕೆಲಸದಲ್ಲಿದ್ದೇನೆ, ಯಾರೂ ಅಡ್ಡ ಬರಬಾರದು’ ಅಂತ ಇಂಟರಪ್ಟು ನಿಲ್ಲಿಸುವ ಒಂದು ಬಗೆಯ ಅಪ್ಪಣೆ. ಅಧಿಕಾರ ಇಲ್ಲದವರು ಅದನ್ನು ಕೊಟ್ಟರೆ ಪ್ರೊಸೆಸರು ಆಗಲ್ಲ ಅನ್ನುವುದಿಲ್ಲ, ಮಾಡುವುದೂ ಇಲ್ಲ. ಕೇಳಿಯೂ ಕೇಳದ ಹಾಗೆ ಮುಂದೆ ಹೋಗುತ್ತದೆ.

ಇಷ್ಟನ್ನು ನಾನು ವಿವರಿಸುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು. “ಇಂಟೆಲ್‌ನೋರು ಇದನ್ನ ಯಾರನ್ನ ನೋಡಿ ಕಲಿತರೋ?” ಅಂತ ಭಾವನ ಕಡೆಗೊಮ್ಮೆ ನೋಡಿ ಒಳಗೆ ಹೋದಳು. ಭಾವ ಕೇಳಿಯೂ ಕೇಳದ ಹಾಗಿದ್ದರು.

ಈ ಗಂಟನ್ನು ಬಿಡಿಸಿದವರು 1998ರಲ್ಲಿ ವಿಎಂವೇರ್ ಕಟ್ಟಿದ ಐವರು. ಅವರಲ್ಲಿ ಡಯೇನ್ ಗ್ರೀನ್ ಮತ್ತು ಮೆಂಡೆಲ್ ರೋಸೆನ್‌ಬ್ಲಮ್ ಗಂಡ ಹೆಂಡತಿ. ಮರುವರ್ಷ ಅವರ ಸರಕು ಮನೆಯ ಕಂಪ್ಯೂಟರಿಗೂ ಸಿಕ್ಕಿತು. ಅತಿಥಿಯ ಅಪ್ಪಣೆಗಳು ಪ್ರೊಸೆಸರಿಗೆ ಮುಟ್ಟುವ ಮೊದಲೇ ಓದಿ, ತೊಂದರೆಯವನ್ನು ಹಾರಿಸಿ, ಆ ಜಾಗದಲ್ಲಿ ಬೇರೆ ಬರೆದು ಮುಂದಕ್ಕೆ ಕಳಿಸುವುದು ಅವರ ಉಪಾಯ. “ಅಂದ್ರೆ ಪ್ರೂಫ್ ನೋಡ್ತಿದ್ರು ಅನ್ನು” ಅಂದರು ಭಾವ. ಇಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ, ಪ್ರೊಸೆಸರಿನೊಳಗೇ ಇದಕ್ಕೆ ವ್ಯವಸ್ಥೆ ಮಾಡಿದವು. ಮಾಡಿಯೇನು? ಎಷ್ಟೋ ಯಂತ್ರಗಳಲ್ಲಿ ಆ ವ್ಯವಸ್ಥೆಯನ್ನು ಬಯೋಸಿನಲ್ಲಿ ಆಫ್ ಮಾಡಿಯೇ ಮಾರುತ್ತಾರೆ. ಗೊತ್ತಿಲ್ಲದವರು ವರ್ಚುಯಲ್‌ಬಾಕ್ಸ್ ಹಾಕಿ, ಪಟ್ಟಿಯಲ್ಲಿ 64 ಬಿಟ್ಟಿನ ಸಿಸ್ಟಂಗಳ ಹೆಸರೇ ಕಾಣದೆ, ಕಂಪ್ಯೂಟರು ಹಾಳೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಾರೆ.

ವರ್ಚುಯಲ್‌ಬಾಕ್ಸು ಬಂದದ್ದು 2007ರಲ್ಲಿ, ಜರ್ಮನಿಯ ಇನ್ನೊಟೆಕ್ ಅನ್ನುವ ಸಣ್ಣ ಕಂಪನಿಯಿಂದ. ಮರುವರ್ಷ ಸನ್ ಕೊಂಡಿತು, 2010ರಲ್ಲಿ ಆ ಸನ್ನನ್ನೇ ಒರಾಕಲ್ ಕೊಂಡಿತು. ಇಷ್ಟು ಕೈ ಬದಲಾದರೂ ಮನೆಬಳಕೆಗೆ ಇನ್ನೂ ಪುಕ್ಕಟೆ. ಭಾವ ಅದನ್ನು ಆರಿಸಲು ಬೇರೆ ಕಾರಣ ಬೇಕಿಲ್ಲ.

ಒಂದು ಬೆಳಿಗ್ಗೆ ಅಕ್ಕನಿಗೆ ಕರೆಂಟ್ ಬಿಲ್ ಕಟ್ಟಬೇಕಿತ್ತು. ಭಾವ ಸ್ನಾನಕ್ಕೆ ಹೋಗಿದ್ದರು. ಅವಳು ಹೋಗಿ ಎಕ್ಸ್‌ಪಿಯ ಕಿಟಕಿಯ ಮೇಲೆ ಒಮ್ಮೆ ಒತ್ತಿದಳು ಅಷ್ಟೇ. ಬಾಣದ ಗುರುತು ಒಳಗೆ ಹೋದದ್ದು ಹೊರಗೆ ಬರಲೇ ಒಲ್ಲದು. ಕಿಟಕಿಯ ಅಂಚಿನವರೆಗೆ ಬರುತ್ತದೆ, ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಲ್ಲುತ್ತದೆ. ಮೌಸನ್ನು ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ಎಳೆದಳು, ಎತ್ತಿ ಕುಕ್ಕಿದಳು, ಮ್ಯಾಟಿನ ಧೂಳು ಒರೆಸಿದಳು.

“ರೀ! ಬಾಣ ಒಳಗೆ ಸಿಕ್ಕಿಹಾಕಿಕೊಂಡಿದೆ!”

ಬಚ್ಚಲಿನಿಂದ ಉತ್ತರ: “ಬಲಗಡೆ ಕಂಟ್ರೋಲ್ ಒತ್ತೇ!”

“ಒತ್ತಿದೆ, ಏನೂ ಆಗಲಿಲ್ಲ!”

“ಎಡಗಡೇದು ಒತ್ತಿರ್ತೀಯ. ಬಲಗಡೇದು!”

ಹೌದು, ವರ್ಚುಯಲ್‌ಬಾಕ್ಸಿನಲ್ಲಿ ಒಳಗಿನಿಂದ ಹೊರಗೆ ಬರುವ ದಾರಿ ಬಲಗಡೆಯ ಕಂಟ್ರೋಲ್ ಕೀಲಿ. ಜನ್ಮದಲ್ಲಿ ಯಾರೂ ಮುಟ್ಟದ ಕೀಲಿ ಅದು, ಅದಕ್ಕೇ ಆರಿಸಿದರೋ ಏನೋ. ಆಮೇಲೆ ನಾನು ‘ಗೆಸ್ಟ್ ಅಡಿಷನ್ಸ್’ ಅನ್ನುವುದನ್ನು ಎಕ್ಸ್‌ಪಿಯೊಳಗೆ ಹಾಕಿಕೊಟ್ಟೆ. ಬಾಣ ಈಗ ಎರಡು ಲೋಕಗಳ ನಡುವೆ ನಾರದರ ಹಾಗೆ ತಡೆಯಿಲ್ಲದೆ ಓಡಾಡುತ್ತದೆ. ಅಕ್ಕ ಮಾತ್ರ ಬಿಲ್ಲನ್ನು ಫೋನಿನಲ್ಲೇ ಕಟ್ಟುತ್ತಾಳೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು 2014ರ ಏಪ್ರಿಲ್ 8ಕ್ಕೆ ಎಳ್ಳುನೀರು ಬಿಟ್ಟರು. ಅಲ್ಲಿಂದ ಮುಂದೆ ಮನೆಬಳಕೆಯವರಿಗೆ ಸುರಕ್ಷತೆಯ ತೇಪೆ ಇಲ್ಲ. ಹಾಗಾಗಿ ಅದನ್ನು ಇಂಟರ್ನೆಟ್ಟಿಗೆ ಬಿಡುವ ಹಾಗಿಲ್ಲ. ವರ್ಚುಯಲ್‌ಬಾಕ್ಸಿನ ಸೆಟ್ಟಿಂಗಿನಲ್ಲಿ ‘ಕೇಬಲ್ ಕನೆಕ್ಟೆಡ್’ ಅಂತ ಒಂದು ಚೌಕವಿದೆ, ಅದರ ಟಿಕ್ ತೆಗೆದರಾಯಿತು. ಇಲ್ಲದ ಕಾರ್ಡಿಗೆ ಸಿಕ್ಕಿಸಿದ್ದ ಇಲ್ಲದ ಕೇಬಲ್ಲನ್ನು ಕಿತ್ತ ಹಾಗಾಯಿತು. ಟಾಸ್ಕ್‌ಬಾರಿನ ಮೂಲೆಯಲ್ಲಿ ಎರಡು ಪುಟಾಣಿ ಕಂಪ್ಯೂಟರುಗಳ ಮೇಲೆ ಕೆಂಪು ಇಂಟು ಗುರುತು ಬಂತು, ‘ನೆಟ್‌ವರ್ಕ್ ಕೇಬಲ್ ಕಳಚಿದೆ’ ಅಂತ ಎಕ್ಸ್‌ಪಿ ಬೇಜಾರಿನಿಂದ ಹೇಳಿತು. ಭಾವ ಅದಕ್ಕೆ “ನಾಳೆ ನೋಡೋಣ” ಅಂದರು.

ಇಷ್ಟೆಲ್ಲ ಸುಖವಾಗಿ ನಡೆಯುತ್ತಿರುವಾಗ ಲಗ್ನಪತ್ರಿಕೆಯ ತಕರಾರು ಶುರುವಾಯಿತು. ಪಕ್ಕದ ಬೀದಿಯವರ ಮಗಳ ಮದುವೆ. ಮೊದಲ ಪ್ರೂಫಿನಲ್ಲಿ ‘ಕಟಕ ಲಗ್ನ, ಬೆಳಿಗ್ಗೆ 9-45’ ಅಂತಿತ್ತು. ಪುರೋಹಿತರು ಬದಲಾಯಿಸಿ ‘ಸಿಂಹ ಲಗ್ನ, 11-10’ ಮಾಡಿಸಿದರು. ಭಾವ ಸಂಜೆ ತಿದ್ದಿದರು, ನನ್ನೆದುರೇ ತಿದ್ದಿದರು. ಬೆಳಿಗ್ಗೆ ಪಿಡಿಎಫ್ ಮಾಡಿ ಕಳಿಸಿದರೆ ಅಲ್ಲಿ ಕಟಕವೇ ಕೂತಿದೆ. ಮತ್ತೆ ತಿದ್ದಿದರು. ಮತ್ತೆ ಕಟಕ. ಹುಡುಗಿಯ ಅಪ್ಪ ಫೋನಿನಲ್ಲಿ “ಏನ್ ಸಾರ್, ಗಂಡಿನ ಕಡೆಯೋರು ಒಂಬತ್ತೂ ಮುಕ್ಕಾಲಿಗೇ ಬಂದು ಕೂತರೆ ತಿಂಡಿ ಯಾರು ಹಾಕೋದು?” ಅಂತ ಕೇಳಿದರು.

“ನೋಡಿದೆಯಾ, ವಿಂಡೋಸ್ ಅಂದ್ರೆ ಹೀಗೇ ಕಣಯ್ಯ” ಅಂತ ಭಾವ ನನಗೇ ತಿರುಗಿಸಿದರು. ನಾನು ವಿಂಡೋಸಿನವನಲ್ಲವೇ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇಟ್ಟುಕೊಂಡವನು. ಮರ್ಯಾದೆಯ ಪ್ರಶ್ನೆ. “ನನ್ನದರಲ್ಲಿ ಓಡಿಸಿ ನೋಡೋಣ ಕೊಡಿ” ಅಂತ ಅವರ ಇಡೀ ಎಕ್ಸ್‌ಪಿಯನ್ನು ಪೆನ್‌ಡ್ರೈವಿನಲ್ಲಿ ತಂದು ನನ್ನ ವರ್ಚುಯಲ್‌ಬಾಕ್ಸಿನಲ್ಲಿ ಎಬ್ಬಿಸಿದೆ. ಎದ್ದಿತು, ಆದರೆ ತೆವಳಿಕೊಂಡು. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಹಸಿರು ಆಮೆಯ ಚಿತ್ರ. ಭಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಇದೇನಯ್ಯ ಕೂರ್ಮಾವತಾರ? ನನ್ನದರಲ್ಲಿ ಇಲ್ಲವಲ್ಲ!”

ಹೇಳದೆ ವಿಧಿಯಿರಲಿಲ್ಲ. ವಿಂಡೋಸ್ 11 ಬಂದ ಅನೇಕ ಲ್ಯಾಪ್‌ಟಾಪುಗಳಲ್ಲಿ ಸುರಕ್ಷತೆಗೆಂದು ಮೈಕ್ರೋಸಾಫ್ಟಿನವರದೇ ಹೈಪರ್-ವಿ ಅನ್ನುವ ಹೈಪರ್‌ವೈಸರ್ ಎಲ್ಲಕ್ಕಿಂತ ಕೆಳಗೆ ಕೂತಿರುತ್ತದೆ. ಯಜಮಾನ ಅಂತ ಮೆರೆಯುವ ವಿಂಡೋಸೇ ಅದರ ಮೇಲೆ ಓಡುತ್ತಿರುತ್ತದೆ. ವರ್ಚುಯಲ್‌ಬಾಕ್ಸಿಗೆ ಪ್ರೊಸೆಸರಿನ ಸೌಕರ್ಯ ನೇರ ಸಿಗುವುದಿಲ್ಲ, ಹೈಪರ್-ವಿಯ ಕೈ ಕಾಯಬೇಕು. ಆಮೆ ಅದರ ಗುರುತು.

ಭಾವನ ಮುಖ ನೋಡಬೇಕಿತ್ತು ಆಗ. “ಅಂದ್ರೆ ನಿನ್ನ ವಿಂಡೋಸೂ ಗೆಸ್ಟೇ! ನನ್ನನ್ನ ಆಡಿಕೊಳ್ಳೋಕೆ ಬಂದೆಯಲ್ಲ!” ಅಷ್ಟಕ್ಕೇ ಬಿಡಲಿಲ್ಲ. “ನಿಮ್ಮ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಇದೇ 2001ರಲ್ಲಿ ಲಿನಕ್ಸನ್ನ ಕ್ಯಾನ್ಸರಿಗೆ ಹೋಲಿಸಿದ್ದ. ಆಮೇಲೆ 2016ರಲ್ಲಿ ಅದೇ ಕಂಪನಿ ವಿಂಡೋಸಿನೊಳಗೇ ಲಿನಕ್ಸಿಗೆ ಜಾಗ ಮಾಡಿಕೊಡ್ತು. ಈಗಂತೂ ಅಸಲಿ ಲಿನಕ್ಸ್ ಕರ್ನಲ್ಲೇ ಅದರ ಹೊಟ್ಟೆಯಲ್ಲಿ ಓಡುತ್ತೆ. ನಾನೊಬ್ಬನೇ ಏನು ಒಳಗೊಳಗೆ ಇಟ್ಟುಕೊಂಡಿರೋದು?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇಲ್ಲದವನು ತಪ್ಪು ಹುಡುಕಬೇಕು. ಮತ್ತೆ ಅವರ ಕಂಪ್ಯೂಟರಿಗೇ ಹೋಗಿ ಸ್ನ್ಯಾಪ್‌ಶಾಟುಗಳ ಪಟ್ಟಿ ತೆರೆದೆ. ಒಳಗಿನ ಯಂತ್ರ ಈ ಕ್ಷಣದಲ್ಲಿ ಹೇಗಿದೆಯೋ ಹಾಗೇ ಹಿಡಿದಿಟ್ಟು, ಕೆಟ್ಟರೆ ಅಲ್ಲಿಗೇ ಮರಳುವ ಸೌಲಭ್ಯ ಅದು. ಪಟ್ಟಿಯ ಮೇಲುಗಡೆ ಸಭ್ಯ ಹೆಸರುಗಳಿದ್ದವು: ‘ಹೊಸದು’, ‘ಪೇಜ್‌ಮೇಕರ್ ಸರಿಯಿದೆ’, ‘ನುಡಿ ಸರಿಯಿದೆ’. ಅವುಗಳ ಕೆಳಗೆ: ‘ಮುಳ್ಳಿಗೆ ಮುಂಚೆ’. ‘ಮುಳ್ಳಿಗೆ ಮುಂಚೆ 2’. ‘ಅಸ್ಥಿಪಂಜರ’. ‘ದಪ್ಪ ಕಾವಲುಗಾರ’.

“ಏನು ಭಾವ ಇದು?”

“ಅದು… ಟೆಸ್ಟಿಂಗು.”

ಪ್ರಿನ್ಸ್ ಆಫ್ ಪರ್ಷಿಯಾ! ಜೋರ್ಡನ್ ಮೆಕ್ನರ್ 1989ರಲ್ಲಿ ಹೊರತಂದ ಆಟ, ಮರುವರ್ಷ ಡಾಸಿಗೆ ಬಂದದ್ದು. ಕಂಪ್ಯೂಟರ್ ಕ್ಲಾಸಿಗೆ ಹೋದವರೆಲ್ಲ ಆಡಿದ್ದೇ, ಮೇಷ್ಟ್ರು ಬಂದಾಗ ಮುಚ್ಚಿದ್ದೇ. 32 ಬಿಟ್ಟಿನ ಎಕ್ಸ್‌ಪಿ ಹಳೆಯ ಡಾಸ್ ಆಟಗಳನ್ನೂ ಓಡಿಸುತ್ತದೆ. ಹೇಗೆ? ಇಂಟೆಲ್‌ನವರು 1985ರ 386 ಪ್ರೊಸೆಸರಿನಲ್ಲೇ 8086 ಯಂತ್ರದ ಸೋಗು ಹಾಕುವ ಒಂದು ಏರ್ಪಾಡು ಇಟ್ಟಿದ್ದರು. ಅದನ್ನು ಹಿಡಿದು ಎಕ್ಸ್‌ಪಿ ಆಟಕ್ಕೆ ಹೇಳುತ್ತದೆ: ಇದು ಡಾಸು, ಯಂತ್ರವೆಲ್ಲ ನಿನ್ನದೇ. ತಾನೇ ಸುಳ್ಳಿನಲ್ಲಿ ಬದುಕುತ್ತಿರುವ ಎಕ್ಸ್‌ಪಿ ಇನ್ನೊಬ್ಬನಿಗೆ ಸುಳ್ಳು ಹೇಳುತ್ತಿದೆ! ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ ಮಾತ್ರ. ಭಾವನಿಗೆ ಆ ಚಿಂತೆಯೂ ಇಲ್ಲ. ಅಕ್ಕ ಊಟಕ್ಕೆ ಕರೆದರೆ ಇಡೀ ಯಂತ್ರವನ್ನೇ ಪಾಜ್ ಮಾಡಿ ಏಳುತ್ತಾರೆ, ಪರ್ಷಿಯಾದಲ್ಲಿ ಕಾಲ ನಿಲ್ಲುತ್ತದೆ. ಮುಳ್ಳಿನ ಗುಂಡಿ ಹಾರುವ ಮೊದಲು ಒಂದು ಸ್ನ್ಯಾಪ್‌ಶಾಟ್. ಬಿದ್ದು ಸತ್ತರೆ ಹಿಂದಕ್ಕೆ.

ಹಿಂದಕ್ಕೆ ಹೋಗುವುದು ರಾಜಕುಮಾರ ಒಬ್ಬನೇ ಅಲ್ಲವಲ್ಲ. ಮರಳುವುದು ಇಡೀ ಡಿಸ್ಕು. ಸಂಜೆ ಏಳಕ್ಕೆ ಸಿಂಹ ಲಗ್ನ ತಿದ್ದಿ, ರಾತ್ರಿ ಹತ್ತಕ್ಕೆ ಮುಳ್ಳಿಗೆ ಬಿದ್ದು, ‘ಮುಳ್ಳಿಗೆ ಮುಂಚೆ’ಗೆ ಮರಳಿದರೆ ಲಗ್ನಪತ್ರಿಕೆಯೂ ಕಟಕಕ್ಕೆ ಮರಳುತ್ತದೆ. ಪಾಪ, ವಿಂಡೋಸಿನ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಅಕ್ಕ ಸೌಟು ಹಿಡಿದೇ ಬಂದು ಎಲ್ಲ ಕೇಳಿಸಿಕೊಂಡಳು.

“ಅಂದ್ರೆ ರಾತ್ರಿ ಹತ್ತು ಗಂಟೆಗೆ ‘ಪ್ರೂಫ್ ನೋಡ್ತಾ ಇದ್ದೀನಿ’ ಅಂತಿದ್ದದ್ದು ಇದನ್ನಾ?”

“ಇನ್ನು ಆ ತೊಂದರೆ ಇರಲ್ಲ ಕಣೇ. ಲಗ್ನಪತ್ರಿಕೆ ಫೈಲನ್ನ ಶೇರ್ಡ್ ಫೋಲ್ಡರಿಗೆ ಹಾಕಿಬಿಡ್ತೀನಿ. ಅದು ಉಬುಂಟು ಕಡೆ ಇರುತ್ತೆ, ಸ್ನ್ಯಾಪ್‌ಶಾಟ್ ಅದನ್ನ ಮುಟ್ಟಲ್ಲ.”

“ಫೈಲಿನ ಕಥೆ ಆಮೇಲೆ. ಆಟ ನಿಲ್ಲಿಸ್ತೀರೋ ಇಲ್ಲವೋ?”

“ಫೈಲು ಆಚೆ ಬಂದಮೇಲೆ ಆಟ ಯಾಕೆ ನಿಲ್ಲಿಸಬೇಕು?” ಅಂದರು ಭಾವ, ನಿಜಕ್ಕೂ ಅರ್ಥವಾಗದೆ.